ಕೋನಪ್ಪನವರ ಚಳಿಗಾಲದ ಟೈರುಗಳು

ಚಿಕ್ಕಬಳ್ಳಾಪುರದ ಆಲೂಗಡ್ಡೆ ಮಂಡಿಯ ಕೋನಪ್ಪನವರ ಬಗ್ಗೆ ಒಂದು ಕೆಟ್ಟ ಮಾತು ಆಡಿಸಬೇಕೆಂದರೆ ಬೇರೆ ಊರಿನಿಂದ ಬಾಡಿಗೆಗೆ ಜನ ಕರೆಸಬೇಕಾಗಿತ್ತು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟಿಲ್ಲ. ತೊಂದರೆ ಇದ್ದದ್ದು ಒಂದೇ. ತಮಗೆ ಗೊತ್ತಿಲ್ಲದ ವಿಷಯವೊಂದು ಈ ಭೂಮಿಯ ಮೇಲಿದೆ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ಅವರಿಗೆ ಹುಟ್ಟಿನಿಂದಲೂ ಬಂದಿರಲಿಲ್ಲ. ಹಾಗೆಂದು ಅವರನ್ನು ಬುರುಡೆದಾಸರ ಸಾಲಿಗೆ ಸೇರಿಸಿದರೆ ಅನ್ಯಾಯವಾಗುತ್ತದೆ. ಬಾಯಿಂದ ಒಂದು ಮಾತು ಬಿತ್ತೆಂದರೆ ಅದನ್ನು ನಡೆಸಿಯೇ ತೀರುತ್ತಿದ್ದರು, ಆ ಮಾತಿನ ಅರ್ಥ ತಮಗೇ ಗೊತ್ತಿಲ್ಲದಿದ್ದರೂ ಸರಿ. ಸುಳ್ಳು ಹೇಳಿ ಸುಮ್ಮನಾಗುವವರು ಊರಿಗೆ ನೂರು ಜನ ಸಿಗುತ್ತಾರೆ. ಹೇಳಿದ ಸುಳ್ಳನ್ನು ಕೈಯಿಂದ ಖರ್ಚು ಮಾಡಿ ನಿಜ ಮಾಡುವವರು ನಮ್ಮಲ್ಲಿ ಅವರೊಬ್ಬರೇ ಇದ್ದರು.

ಐವತ್ತೇಳನೇ ಇಸವಿಯ ಹೊತ್ತಿಗೆ ಅವರ ಹತ್ತಿರ ಒಂದು ಕಾರಿತ್ತು. ಬೆಂಗಳೂರು ದಂಡಿನಲ್ಲಿದ್ದ ಯಾರೋ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ ಮಾರಿದ ಹಳೆಯ ಆಸ್ಟಿನ್. ಬೂದು ಬಣ್ಣ, ದಪ್ಪ ಮೂಗು, ಹಿಂಬದಿಗೆ ಒಂದು ಸ್ಟೆಪ್ನಿ ಚಕ್ರ. ಕೋನಪ್ಪನವರು ಪೇಟ ಸುತ್ತಿ, ಎದೆ ಸೆಟೆಸಿ ಕೂತು ಬಜಾರಿನಲ್ಲಿ ಅದನ್ನು ಓಡಿಸಿಕೊಂಡು ಬಂದರೆ ಅಂಗಡಿಗಳ ಮುಂದೆ ಕೂತಿದ್ದ ಜನ ಎದ್ದು ನಿಲ್ಲುತ್ತಿದ್ದರು. ಗೌರವಕ್ಕೂ ಹೌದು, ಪ್ರಾಣಭಯಕ್ಕೂ ಹೌದು.

ಆ ವರ್ಷ ದೀಪಾವಳಿಗೆ ಅವರ ಹೆಂಡತಿ ಅಕ್ಕಯಮ್ಮನ ಚಿಕ್ಕಪ್ಪನ ಮಗ ರಾಮಾಂಜಿನಪ್ಪ ರಜೆಯ ಮೇಲೆ ಬಂದಿದ್ದ. ಅವನು ಮಿಲಿಟರಿಯಲ್ಲಿ ಲಾರಿ ಡ್ರೈವರು, ಕಾಶ್ಮೀರದಲ್ಲಿದ್ದ. ರಜೆ ಮುಗಿದು ಹೊರಡುವ ದಿನ ಭಾವನಿಗೆ ಹೇಳಿಹೋಗೋಣವೆಂದು ಮಂಡಿಗೆ ಬಂದ. ಜಗುಲಿಯ ಮೇಲೆ ಅಮಲ್ದಾರರು ಕೂತು ಕಾಫಿ ಕುಡಿಯುತ್ತಿದ್ದರು. ಸುತ್ತ ನಾವು ಹತ್ತು ಹನ್ನೆರಡು ಜನ ಅಮಲ್ದಾರರು ಕಾಫಿ ಕುಡಿಯುವುದನ್ನು ನೋಡುತ್ತಿದ್ದೆವು. ರಾಮಾಂಜಿನಪ್ಪ ಕಾರಿಗೊಂದು ಸುತ್ತು ಹಾಕಿ, ಟೈರಿಗೆ ಬೂಟಿನಿಂದ ಮೆಲ್ಲಗೆ ಒದ್ದು ಹೇಳಿದ.

"ಚಳಿ ಶುರುವಾಯ್ತಲ್ಲ ಭಾವ. ವಿಂಟರ್ ಟೈರ್ ಹಾಕ್ಸಿಲ್ವಾ ಇನ್ನೂ?"

"ಏನದು ವಿಂಟರ್ ಟೈರು?" ಎಂದು ಅಮಲ್ದಾರರು ಕೇಳಿದರು.

"ಚಳಿಗಾಲದ ಟೈರು ಸ್ವಾಮಿ. ನಮ್ಮ ಕಡೆ ಚಳಿ ಬಂತೂಂದ್ರೆ ಎಲ್ಲಾ ಗಾಡಿಗೂ ಬದಲಾಯಿಸಿಬಿಡ್ತೀವಿ. ಬೇಸಿಗೆ ಟೈರಲ್ಲಿ ಚಳಿಗಾಲದಾಗೆ ಓಡ್ಸಿದ್ರೆ ಪ್ರಾಣಕ್ಕೇ ಸಂಚಕಾರ."

'ನಮ್ಮ ಕಡೆ' ಎಂದರೆ ಕಾಶ್ಮೀರದ ಕಡೆ ಎಂದು ಅವನು ಬಿಡಿಸಿ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಅಮಲ್ದಾರರು ಕೋನಪ್ಪನವರ ಕಡೆ ತಿರುಗಿದರು. ನಾವೂ ತಿರುಗಿದೆವು. ಕೋನಪ್ಪನವರು ಪೇಟ ಸರಿಮಾಡಿಕೊಂಡರು.

"ಅದೆಲ್ಲಾ ಆಗಿದೆ ಸ್ವಾಮಿ. ಆಗಲೇ ಹೇಳಿಟ್ಟಿದ್ದೀನಿ. ಮುಂದಿನ ಸೋಮವಾರದ ಹೊತ್ತಿಗೆ ಬಂದುಬಿಡ್ತವೆ."

"ಹಾಗಾದ್ರೆ ಸೋಮವಾರ ನಾನೂ ಬಂದು ನೋಡ್ತೀನಿ," ಎಂದು ಅಮಲ್ದಾರರು ಲೋಟ ಕೆಳಗಿಟ್ಟರು.

ಅವರು ಹೋದ ಮೇಲೆ ರಾಮಾಂಜಿನಪ್ಪನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿದುಕೊಳ್ಳಬೇಕೆಂದು ಕೋನಪ್ಪನವರು ಎದ್ದದ್ದೇನೋ ನಿಜ. ಆದರೆ ಅವನು ರೈಲಿಗೆ ಹೊತ್ತಾಯಿತೆಂದು ಜಟಕಾ ಹತ್ತಿ ಹೊರಟೇ ಹೋಗಿದ್ದ.

ನಮ್ಮ ಊರಿನಲ್ಲಿ ಟೈರಿನ ವಿಷಯಕ್ಕೆ ಕೊನೆಯ ಮಾತು ಉಸ್ಮಾನ್ ಸಾಬರದು. ಬಜಾರಿನ ಮೂಲೆಯಲ್ಲಿ ಸೈಕಲ್ಲು, ಮೋಟಾರು, ಟೈರು ಗಾಡಿ ಎಲ್ಲದರ ಪಂಕ್ಚರು ಹಾಕುವ ಅಂಗಡಿ ಅವರದು. ಬಿಳಿಯ ಗಡ್ಡ, ಮೆಲುಮಾತು. ಗಿರಾಕಿ ಏನು ಕೇಳಿದರೂ 'ಇಲ್ಲ' ಎನ್ನುವುದು ವ್ಯಾಪಾರಕ್ಕೆ ಅಪಶಕುನ ಎಂದು ಅವರ ತಂದೆ ಹೇಳಿಕೊಟ್ಟಿದ್ದರಂತೆ. ಕೋನಪ್ಪನವರು ಮಾರನೆಯ ದಿನ ಬೆಳಿಗ್ಗೆಯೇ ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕೂತರು.

"ಸಾಬ್ರೇ, ಚಳಿಗಾಲದ ಟೈರು ಬೇಕಿತ್ತಲ್ಲ."

ಸಾಬರು ಕೈಲಿದ್ದ ಪಂಪನ್ನು ಕೆಳಗಿಟ್ಟರು. "ಚಳಿಗಾಲದ್ದಾ? ಸಿಗ್ತದೆ. ಬಹಳ ಒಳ್ಳೇ ಮಾಲು. ಈಗ ಅಂಗಡೀಲಿ ಇಟ್ಟಿಲ್ಲ, ಅಷ್ಟೆ."

"ನಿಮಗೆ ಗೊತ್ತಲ್ಲ ಅದು ಹೇಗಿರ್ತದೆ ಅಂತ?"

"ಗೊತ್ತಿಲ್ದೆ ಏನು ಕೋನಪ್ಪನೋರೇ. ನಿಮಗೂ ಗೊತ್ತೇ ಇರ್ತದೆ."

"ಗೊತ್ತು ಅನ್ನಿ."

ಇಬ್ಬರೂ ಬೀದಿಯ ಕಡೆ ನೋಡಿಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ ಸಾಬರು ಗಡ್ಡ ನೀವಿಕೊಂಡು, "ಎಂಥ ಚಳೀಗೆ ಬೇಕು? ನಂದಿ ಕಡೆ ಚಳೀಗಾ, ಚಿಂತಾಮಣಿ ಕಡೆ ಚಳೀಗಾ?" ಎಂದರು.

ಈ ಪ್ರಶ್ನೆ ಕೇಳಿದ ಮೇಲೆ ಸಾಬರಿಗೆ ಎಲ್ಲವೂ ಗೊತ್ತಿದೆ ಎಂದು ಕೋನಪ್ಪನವರಿಗೆ ಖಾತ್ರಿಯಾಯಿತು. "ಎರಡಕ್ಕೂ ಆಗೋ ಅಂಥದ್ದು ನೋಡಿ. ಒಂದೊಂದು ಸಲ ಗೌರಿಬಿದನೂರಿಗೂ ಹೋಗ್ಬೇಕಾಗ್ತದೆ."

ಈ ಉತ್ತರ ಕೇಳಿದ ಮೇಲೆ ಕೋನಪ್ಪನವರಿಗೆ ಎಲ್ಲವೂ ಗೊತ್ತಿದೆ ಎಂದು ಸಾಬರಿಗೂ ಖಾತ್ರಿಯಾಯಿತು. ಹೀಗೆ ಒಬ್ಬರ ಜ್ಞಾನದ ಮೇಲೆ ಒಬ್ಬರು ಪೂರಾ ಭರವಸೆಯಿಟ್ಟು ಇಬ್ಬರೂ ಬೆಂಗಳೂರಿನ ರೈಲು ಹತ್ತಿದರು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಬೆಂಗಳೂರಿನ ಗುಜರಿಗಳಲ್ಲಿ ಆಗ ಇನ್ನೂ ರಾಶಿ ಬಿದ್ದಿರುತ್ತಿತ್ತು. ಅಂಥದೊಂದು ಶೆಡ್ಡಿನ ಒಳಗೆ ಇಬ್ಬರೂ ಹೊಕ್ಕರು. ಗುಜರಿಯವನು ಏನು ಬೇಕೆಂದು ಕೇಳಿದ. ಕೋನಪ್ಪನವರು ಸಾಬರನ್ನು ನೋಡಿದರು, ಸಾಬರು ಕೋನಪ್ಪನವರನ್ನು ನೋಡಿದರು. ಕೊನೆಗೆ ಸಾಬರು, "ನಾವೇ ನೋಡ್ಕೊತೀವಿ. ಇದು ನೋಡೋ ಕಣ್ಣಿಗೇ ತಿಳಿಯೋ ಮಾಲು," ಎಂದರು.

ಆಮೇಲೆ ನಡೆದ ಪರೀಕ್ಷೆಯಂಥದ್ದನ್ನು ಹೆಣ್ಣು ನೋಡಲು ಹೋದವರೂ ನಡೆಸಿರಲಾರರು. ಕೋನಪ್ಪನವರು ಒಂದೊಂದು ಟೈರಿನ ಮೇಲೂ ಅಂಗೈಯಿಟ್ಟು ಕಣ್ಣು ಮುಚ್ಚುತ್ತಿದ್ದರು. ಕೆಲವಕ್ಕೆ ಕೆನ್ನೆ ಒತ್ತಿ ನೋಡಿದರು. ಅವರ ತರ್ಕ ಸರಳವಾಗಿತ್ತು. ಚಳಿಗೆ ಬೇಕಾದದ್ದು ಕಂಬಳಿ. ಕಂಬಳಿ ದಪ್ಪಗಿರಬೇಕು, ಒರಟಾಗಿರಬೇಕು. ನುಣ್ಣಗಿರುವುದು ಬೇಸಿಗೆಯ ಪಂಚೆ.

"ಇದು ತಣ್ಣಗಿದೆ ಸಾಬ್ರೇ."

"ಅದು ಮಳೆಗಾಲದ್ದು. ಬಿಡಿ," ಎಂದು ಸಾಬರು ತಳ್ಳಿಹಾಕಿದರು.

ಮೂಲೆಯಲ್ಲಿ ಜೀಪಿನ ಟೈರುಗಳ ಒಂದು ರಾಶಿಯಿತ್ತು. ಹಲಸಿನ ಹಣ್ಣಿನ ಸಿಪ್ಪೆಯ ಹಾಗೆ ಮೈತುಂಬ ಗುಬುಟು, ಗುಬುಟಿನ ಮಧ್ಯೆ ಬೆರಳು ಹೋಗುವಷ್ಟು ಸಂದು. ಅಲ್ಲಿಗೆ ಮೇಲಿನ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಕೋನಪ್ಪನವರು ಒಂದಕ್ಕೆ ಕೆನ್ನೆಯಿಟ್ಟರು. ಬೆಚ್ಚಗಿತ್ತು. ಅವರ ಮುಖದ ಮೇಲೆ ಮೂಡಿದ ಸಂತೋಷವನ್ನು ನೋಡಿ ಗುಜರಿಯವನೂ ಬಂದು ಆ ಟೈರನ್ನು ಮುಟ್ಟಿ ನೋಡಿದನಂತೆ.

ಎಷ್ಟು ಬೇಕೆಂಬ ಪ್ರಶ್ನೆ ಎದ್ದಿತು. ಚಕ್ರ ನಾಲ್ಕು, ಸರಿ. ಆದರೆ ಸ್ಟೆಪ್ನಿ?

"ಸ್ಟೆಪ್ನಿ ಹಳೇದೇ ಇರ್ಲಿ," ಎಂದರು ಸಾಬರು.

"ಅದು ಹೆಂಗಾಗ್ತದೆ? ದಾರೀಲಿ ಒಂದು ಪಂಕ್ಚರಾಯ್ತು ಅನ್ನಿ. ಮೂರು ಚಳಿಗಾಲದ್ದು, ಒಂದು ಬೇಸಿಗೇದು. ಮೂರು ಮಕ್ಕಳಿಗೆ ಕಂಬಳಿ ಹೊದಿಸಿ ಒಂದನ್ನ ಅಂಗಳದಾಗೆ ಮಲಗಿಸಿದಂಗೆ."

ಸಾಬರು ತಲೆದೂಗಿದರು. ನಿಜವಾಗಿಯೂ ಮೆಚ್ಚಿ ತಲೆದೂಗಿದರೆಂದು ಅವರೇ ನಮಗೆ ಆಮೇಲೆ ಹೇಳಿದ್ದುಂಟು. ಹಾಗೆ ಐದಾಯಿತು. ಆ ಐದನೆಯದಕ್ಕೇ ಪಂಕ್ಚರಾದರೆ ಎಂದು ಯೋಚಿಸಿ ಆರಾಯಿತು. ಅಷ್ಟಕ್ಕೂ ಸರಿಹೊಂದುವ ಕಬ್ಬಿಣದ ಚಕ್ರಗಳನ್ನೂ ಹುಡುಕಿ, ಎಲ್ಲವನ್ನೂ ಲಾರಿಗೆ ಹಾಕಿಸಿಕೊಂಡು ಊರಿಗೆ ಬಂದರು.

ಮನೆಯಲ್ಲಿ ಕೋನಪ್ಪನವರ ತಾಯಿ ಗಂಗುಲಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದರು. ಆಂಧ್ರದ ಗಡಿಯ ಊರಿನವರು. ಬೆರಗಾದಾಗ ತೆಲುಗು ಬರುತ್ತಿತ್ತು. ಚಕ್ರಗಳು ಒಂದರ ಹಿಂದೆ ಒಂದು ಉರುಳಿಕೊಂಡು ಒಳಗೆ ಬರುವುದನ್ನು ನೋಡಿ, "ಏಮಿರಾ ಇದಿ ಕೋನಾ?" ಎಂದರು.

"ಚಳಿಗಾಲದ ಟೈರು ಕಣಮ್ಮ."

"ಐದು ಕಾಲಿತ್ತು ಅದಕ್ಕೆ. ಈಗ ಹನ್ನೊಂದು ಕಾಲು. ನಿಮ್ಮಪ್ಪನ ಎತ್ತು ನಾಲ್ಕೇ ಕಾಲಲ್ಲಿ ಮೂರು ಎಕರೆ ಉತ್ತು ಮನೆಗೆ ಬರ್ತಿತ್ತಪ್ಪ."

ಬಿಚ್ಚಿದ ಬೇಸಿಗೆಯ ಚಕ್ರಗಳನ್ನು ಎಲ್ಲಿಡುವುದೆಂದು ಗಂಡ ಚಿಂತಿಸುತ್ತಿದ್ದಾಗ ಅಕ್ಕಯಮ್ಮನೇ ಒಂದರ ಮೇಲೆ ನೀರಿನ ಹಂಡೆ ಕೂರಿಸಿದರು, ಇನ್ನೊಂದರ ಒಳಗೆ ಕಾವಿಗೆ ಕೂತ ಕೋಳಿಯನ್ನು ಕೂರಿಸಿದರು. ಒಳ್ಳೆಯ ಸಂಸಾರಸ್ಥೆ.

ಸೋಮವಾರ ಅಮಲ್ದಾರರು ಮನೆಯ ಹತ್ತಿರವೇ ಬಂದರು. ಅವರ ಜೊತೆ ಅರ್ಧ ಬಜಾರು ಬಂತು. ಗುಬುಟು ಟೈರುಗಳ ಮೇಲೆ ಕಾರು ಒಂದು ಗೇಣು ಎತ್ತರವಾಗಿ, ಬೂಟು ಹಾಕಿಕೊಂಡ ಮದುಮಗನ ಹಾಗೆ ನಿಂತಿತ್ತು. ಅಮಲ್ದಾರರು ಬೆತ್ತದಿಂದ ಟೈರನ್ನು ಒತ್ತಿ ನೋಡಿ, "ಗಟ್ಟಿಯಾಗಿವೆ," ಎಂದರು. "ಒಳಗೆ ಚಳಿ ಹೋಗೋದಿಲ್ಲ ಅನ್ನಿ."

"ಹೋಗೋಕೆ ಜಾಗ ಎಲ್ಲಿದೆ ಸ್ವಾಮಿ," ಎಂದರು ಕೋನಪ್ಪನವರು.

ಕಾರು ಮಂಡಿಗೆ ಹೊರಟಿತು. ರಸ್ತೆಯ ಮೇಲೆ ಹಿಟ್ಟಿನ ಗಿರಣಿ ನಡೆದುಕೊಂಡು ಹೋದಂಥ ಸದ್ದು. ಬಜಾರಿನ ಮೂಲೆಯಲ್ಲಿ ಬಲಕ್ಕೆ ತಿರುಗಬೇಕು. ಕೋನಪ್ಪನವರು ಸ್ಟೇರಿಂಗು ತಿರುಗಿಸಿದರೆ ದಪ್ಪ ಟೈರು ಮಡ್‌ಗಾರ್ಡಿಗೆ ಕಚ್ಚಿಕೊಂಡು ಕಿರ್ರೆಂದಿತು. ಎಡಕ್ಕೆ ಸುಖವಾಗಿ ತಿರುಗುತ್ತದೆ, ಬಲಕ್ಕೆ ತಿರುಗುವುದಿಲ್ಲ. ಹಿಂದೆ ಅಮಲ್ದಾರರು ನೋಡುತ್ತಿದ್ದಾರೆ. ಕೋನಪ್ಪನವರು ಮುಖ ಒಂದಿಷ್ಟೂ ಬದಲಾಯಿಸದೆ ನೇರ ಹೋದರು. ನಂದಿಯ ಕಡೆ ಹೋಗಿ ಅಲ್ಲೊಂದು ಬಯಲಿನಲ್ಲಿ ದೊಡ್ಡದಾಗಿ ಎಡಸುತ್ತು ಹಾಕಿ, ಮಧ್ಯಾಹ್ನದ ಊಟದ ಹೊತ್ತಿಗೆ ಮಂಡಿ ತಲುಪಿದರು. ಮಂಡಿ ಮನೆಯಿಂದ ಕೂಗಳತೆಯಲ್ಲಿತ್ತು.

ಕಾರು ಬಲಕ್ಕೆ ಏಕೆ ತಿರುಗುವುದಿಲ್ಲವೆಂದು ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟವರು ಕೋನಪ್ಪನವರಲ್ಲ, ನಮ್ಮ ಜೋಯಿಸರು. "ಈಗ ದಕ್ಷಿಣಾಯನ ಅಲ್ಲವೇ. ಚಳಿಗಾಲದ ಚಕ್ರ. ಸಂಕ್ರಾಂತಿ ಕಳೀಲಿ, ತಾನೇ ತಿರುಗ್ತದೆ." ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಆ ದಿನದಿಂದ ಕೋನಪ್ಪನವರ ಕಾರು ಊರಿನ ತುಂಬ ಎಡಕ್ಕೆ ಎಡಕ್ಕೆ ತಿರುಗಿಕೊಂಡು ಓಡಾಡಿತು. ದೂರದಿಂದಲೇ ಸದ್ದು ಕೇಳಿ ಜನ ದಾರಿ ಬಿಡುತ್ತಿದ್ದರು.

ಇದನ್ನು ಮೆಚ್ಚದವನು ಒಬ್ಬನೇ, ಅಕ್ಕಯಮ್ಮನ ತಮ್ಮ ಕೊಂಡಪ್ಪ. ಶಿಡ್ಲಘಟ್ಟದ ಕಡೆ ಬೂದಾಳಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ ಅವನದು. ಅಕ್ಕನನ್ನು ನೋಡಲು ಬಂದವನು ಕಾರಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಎತ್ತಿಗೆ ಲಾಳ ಹೊಡ್ಸೋದು ನೋಡಿದ್ದೆ ಭಾವ. ಕಾರಿಗೆ ಸ್ವೆಟರ್ ತೊಡ್ಸೋದು ಇವತ್ತೇ ನೋಡಿದ್ದು."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಶಿಡ್ಲಘಟ್ಟಕ್ಕೆ ಹೋಗಿ ಗೂಡಿನ ವ್ಯಾಪಾರದವರಿಗೆಲ್ಲ ಹೇಳಿದ. ಅವರು ಚಿಂತಾಮಣಿಯವರಿಗೆ ಹೇಳಿದರು. ಅಲ್ಲಿಂದ ಮಂಡಿಗೆ ಬಂದ ಒಬ್ಬ ಗಿರಾಕಿ, "ನಿಮ್ಮ ಕಾರಿಗೆ ಕುಲಾವಿ ಯಾವಾಗ ಹೊಲಿಸ್ತೀರಿ?" ಎಂದು ಕೇಳಿದಾಗ ಕೋನಪ್ಪನವರು ನಕ್ಕರು. ಆದರೆ ಆ ದಿನ ಮಧ್ಯಾಹ್ನ ಊಟಕ್ಕೆ ಕೂತವರು ಎರಡನೇ ಮುದ್ದೆ ಬೇಡವೆಂದರು. ಅಕ್ಕಯಮ್ಮ ತಟ್ಟೆಯನ್ನೂ ನೋಡಿದರು, ಗಂಡನ ಮುಖವನ್ನೂ ನೋಡಿದರು.

ಕಾರ್ತಿಕ ಮಾಸದ ಕೊನೆಯಲ್ಲಿ ಮದರಾಸಿನ ಕಡೆ ಸಮುದ್ರದಲ್ಲಿ ತುಫಾನು ಎದ್ದು ನಮ್ಮ ಸೀಮೆಯ ಮೇಲೆ ಮಳೆ ಹಿಡಿಯಿತು. ಹಗಲು ರಾತ್ರಿ ಬಿಡಲಿಲ್ಲ. ಕೆರೆಗಳೆಲ್ಲ ಕೋಡಿ ಬಿದ್ದವು. ಮಳೆ ಸ್ವಲ್ಪ ತಗ್ಗಿದ ಒಂದು ಬೆಳಿಗ್ಗೆ ಮಂಡಿಯ ಮುಂದೆ ಸೊಂಟದವರೆಗೆ ಕೆಸರಾದ ಮನುಷ್ಯನೊಬ್ಬ ಬಂದು ನಿಂತ. ಬೂದಾಳಹಳ್ಳಿಯ ನರಸಿಂಹಪ್ಪ. ಅಮಲ್ದಾರರ ಜೀಪು ಕೇಳಲು ಬಂದಿದ್ದ. ಅದು ಆಗಲೇ ಚಿಂತಾಮಣಿ ಕಡೆ ಯಾವುದೋ ಹಳ್ಳದಲ್ಲಿ ಕೂತುಬಿಟ್ಟಿತ್ತು.

"ಊರೆಲ್ಲಾ ಒಂದೇ ಸಲ ಹುಳ ಮೇಯಿಸಿದ್ವಿ ಕಣಪ್ಪ," ಎಂದು ನರಸಿಂಹಪ್ಪ ಜಗುಲಿಯ ಮೇಲೆ ಕುಸಿದು ಕೂತು ಹೇಳಿದ. "ಬೆಳೆ ಅಂಥಾದ್ದು ಹತ್ತು ವರ್ಷದಲ್ಲಿ ಬಂದಿಲ್ಲ. ಗೂಡು ಬಿಡಿಸಿಟ್ಟು ಕೂತಿದ್ದೀವಿ. ಊರ ಮುಂದೆ ಕೆರೆ ಕೆಳಗಿನ ಬಯಲು ಪೂರಾ ಕೆಸರು. ಗಾಡಿ ಕಟ್ಟಿದ್ರೆ ಎತ್ತು ಹೊಟ್ಟೆವರೆಗೆ ಹೂತ್ಕೊಂತವೆ. ತಲೆ ಮೇಲೆ ಹೊತ್ತು ತರೋಣಾಂದ್ರೆ ಜಾರಿ ಬಿದ್ದು ಗೂಡೆಲ್ಲಾ ಕೆಸರಾಗ್ತವೆ. ಇನ್ನೊಂದು ದಿನ ಕಳದ್ರೆ ಚಿಟ್ಟೆ ಗೂಡು ತೂತು ಮಾಡ್ಕೊಂಡು ಹೊರಗೆ ಬಂದುಬಿಡ್ತವೆ. ತೂತಾದ ಗೂಡಲ್ಲಿ ನೂಲು ಬರಲ್ಲ. ನೂಲು ತೆಗೆಯೋ ಬಿಚ್ಚಾಣಿಕೆಯೋರು ಮೂಸಿ ನೋಡಲ್ಲ."

ಕೋನಪ್ಪನವರು ಎದ್ದು ಪೇಟ ಸುತ್ತಿಕೊಂಡರು. "ನಡಿ," ಎಂದರು.

"ಎಲ್ಲಿಗೆ?"

"ಚಳಿಗಾಲದ ಟೈರು ಹಾಕಿಸಿದ್ದೀನಿ. ಇದು ಚಳಿಗಾಲ. ಇನ್ನೇನು ಬೇಕು?"

ಇಂಥ ತರ್ಕಕ್ಕೆ ಎದುರು ಹೇಳುವುದು ಕಷ್ಟ. ಸುದ್ದಿ ತಿಳಿದ ಉಸ್ಮಾನ್ ಸಾಬರು ಅಂಗಡಿ ಮುಚ್ಚಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಅವರ ಮುಖ ಬಿಳುಚಿಕೊಂಡಿತ್ತು. ಕಾರು ಮನೆಯ ಮುಂದೆ ಹಾದು ಹೋಗುವಾಗ ಅಕ್ಕಯಮ್ಮ ಕೈ ಅಡ್ಡ ಹಿಡಿದು ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೂ ಹತ್ತಿದರು. "ನನ್ನ ತವರು. ನಾನು ಬರ್ದೆ ಇರೋದು ಹೆಂಗೆ," ಎಂದರು. ಸ್ಟೆಪ್ನಿ ಒಂದು ಹಿಂಬದಿಯಲ್ಲಿತ್ತು, ಇನ್ನೊಂದು ಸಾಬರ ತೊಡೆಯ ಮೇಲಿತ್ತು.

ಶಿಡ್ಲಘಟ್ಟದ ರಸ್ತೆ ಬಿಟ್ಟು ಬೂದಾಳಹಳ್ಳಿಯ ದಾರಿಗೆ ಇಳಿದರೆ ಎದುರಿಗೆ ಕೆರೆಯ ಕೆಳಗಿನ ಬಯಲು. ಕರಿಯ ಜೇಡಿ, ಅದರ ಮೇಲೆ ತೆಳ್ಳಗೆ ನೀರು. ಆ ತುದಿಯಲ್ಲಿ ಕೆರೆಯ ಏರಿ. ಏರಿಯ ಮೇಲೆ ಊರಿನ ಜನವೆಲ್ಲ ಸಾಲಾಗಿ ನಿಂತಿದ್ದರು. ಮುಂದೆ ಕೊಂಡಪ್ಪ, ತಲೆಯ ಮೇಲೆ ಗೋಣಿಕೊಪ್ಪೆ.

ಸಾಬರು ಏನೋ ಪ್ರಾರ್ಥಿಸಿಕೊಂಡರು. ಕೋನಪ್ಪನವರು ಕಾರನ್ನು ಕೆಸರಿಗೆ ಇಳಿಸಿದರು.

ಕಾರು ಒಮ್ಮೆ ಬಾತುಕೋಳಿಯ ಹಾಗೆ ಹಿಂಬದಿ ಅಲ್ಲಾಡಿಸಿತು. ಆಮೇಲೆ ಆ ಗುಬುಟುಗಳು ಜೇಡಿಯನ್ನು ಕಚ್ಚಿದವು. ಹಿಡಿಹಿಡಿಯಾಗಿ ಕೆಸರನ್ನು ಕಿತ್ತು ಹಿಂದಕ್ಕೆ ಎಸೆಯುತ್ತಾ, ಗುರುಗುಡುತ್ತಾ, ಮುಗ್ಗರಿಸದೆ ಮುಂದೆ ನಡೆದವು. ಏರಿಯ ಮೇಲಿನ ಜನ ಬಾಯಿಬಿಟ್ಟುಕೊಂಡು ನೋಡಿದರು. ಏರಿಯ ಬುಡಕ್ಕೆ ಬಂದಾಗ ದಾರಿ ಬಲಕ್ಕೆ ತಿರುಗಿ ಮೇಲೆ ಹತ್ತುತ್ತದೆ. ಕಾರು ಬಲಕ್ಕೆ ತಿರುಗುವುದಿಲ್ಲ.

ನಿಂತರೆ ಹೂತುಕೊಳ್ಳುತ್ತದೆ. ಕೋನಪ್ಪನವರು ನಿಲ್ಲಿಸಲಿಲ್ಲ. ಎಡಕ್ಕೆ ತಿರುಗಿಸಿದರು. ಕಾರು ಊರಿಗೆ ಬೆನ್ನು ಹಾಕಿ ದೂರ ದೂರ ಹೋಗುವುದನ್ನು ಕಂಡು ಏರಿಯ ಮೇಲೆ ಒಬ್ಬ ಮುದುಕಿ, "ಹೋದ್ರು ಕಣ್ರಪ್ಪ, ಹೆದರ್ಕೊಂಡು ಹೋದ್ರು," ಎಂದು ತಲೆಯ ಮೇಲೆ ಕೈ ಹೊತ್ತು ಕೂತಳು. ಕಾರು ಬಯಲಿನಲ್ಲಿ ದೇವರಿಗೆ ಅಪ್ರದಕ್ಷಿಣೆ ಬಂದ ಹಾಗೆ ಪೂರಾ ಒಂದು ಸುತ್ತು ಹಾಕಿ, ದಾರಿಗೆ ನೆಟ್ಟಗೆ ಮೂಗು ಮಾಡಿ, ಒಂದೇ ಉಸಿರಿಗೆ ಏರಿ ಹತ್ತಿ ಜನರ ಮಧ್ಯೆ ಬಂದು ನಿಂತಿತು.

ಕೊಂಡಪ್ಪ ಗೋಣಿಕೊಪ್ಪೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕೋನಪ್ಪನವರು ಇಳಿದು ಕೇಳಿದ್ದು ಒಂದೇ ಮಾತು. "ಯಾರ ಮನೆ ಹುಳ ಮೊದಲು ಗೂಡು ಕಟ್ಟಿದ್ದು?"

ಒಬ್ಬಂಟಿ ಹೆಂಗಸು ಚಿಕ್ಕವೆಂಕಟಮ್ಮನ ಮನೆಯದು ಎಂದರು. ಹಾಗಾದರೆ ಮೊದಲು ಅದು. ಆಮೇಲೆ ಯಾರದು, ಆಮೇಲೆ ಯಾರದು ಎಂದು ಕೇಳಿಕೊಂಡು ಸರತಿ ಹಾಕಿದರು. ಸ್ವಂತ ಭಾವಮೈದುನ ಕೊಂಡಪ್ಪನ ಗೂಡು ಎಲ್ಲಕ್ಕಿಂತ ಎಳೆಯದು, ಆದ್ದರಿಂದ ಎಲ್ಲಕ್ಕಿಂತ ಕೊನೆ. ಅಕ್ಕಯಮ್ಮ ತಮ್ಮನ ಪರವಾಗಿ ಏನಾದರೂ ಹೇಳುತ್ತಾರೇನೋ ಎಂದು ಜನ ನೋಡಿದರು. ಅವರು ಆಗಲೇ ಚಿಕ್ಕವೆಂಕಟಮ್ಮನ ಜೊತೆ ಕೂತು ಗೂಡನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದರು.

ಗೂಡು ಹಗುರ, ಆದರೆ ಅದುಮುವ ಹಾಗಿಲ್ಲ. ಸೀಟುಗಳನ್ನು ಕಿತ್ತು ಹೊರಗಿಟ್ಟರು. ಎರಡನೆಯ ಸ್ಟೆಪ್ನಿಯನ್ನು ಏರಿಯ ಮೇಲೆ ಇಳಿಸಿದರು. ಕಾರಿನ ಚಾವಣಿಯವರೆಗೆ ತುಂಬಿದ ಹಳದಿ ಗೂಡುಗಳ ಗಂಟುಗಳ ನಡುವೆ ಕೋನಪ್ಪನವರ ಪೇಟ ಮಾತ್ರ ಕಾಣುತ್ತಿತ್ತು. ಹಾಗೆ ಅವರು ಶಿಡ್ಲಘಟ್ಟಕ್ಕೆ ಹೋದರು, ಬಿಚ್ಚಾಣಿಕೆಯವರ ಮನೆ ಬಾಗಿಲಿಗೆ ಇಳಿಸಿದರು, ಬಂದರು, ಮತ್ತೆ ಹೋದರು. ಪ್ರತಿ ಸಲವೂ ಏರಿ ಹತ್ತುವ ಮುಂಚೆ ಬಯಲಿನಲ್ಲಿ ಆ ಎಡಸುತ್ತು. ಮೂರನೆಯ ಸಲದ ಹೊತ್ತಿಗೆ ಬೂದಾಳಹಳ್ಳಿಯವರು ಅದು ಇಂಥ ಕಾರು ಏರಿ ಹತ್ತುವ ಕ್ರಮವೆಂದು ತಿಳಿದು, ಸುತ್ತು ಮುಗಿಯುವವರೆಗೆ ಕೈಮುಗಿದು ನಿಲ್ಲುತ್ತಿದ್ದರು. ಮಧ್ಯಾಹ್ನ ಜಾಲಿಮುಳ್ಳು ಚುಚ್ಚಿ ಒಂದು ಟೈರು ಕೂತಿತು. ಸಾಬರು ಹಿಂಬದಿಯ ಸ್ಟೆಪ್ನಿ ತೆಗೆದು ಹಾಕಿದರು.

ಇಳಿಹೊತ್ತಿಗೆ ಕೊಂಡಪ್ಪನ ಸರತಿ ಬಂತು. ಬೆಳಗಿನಿಂದ ಅವನು ಪ್ರತಿ ಸಲವೂ ಕಾರಿನ ಹಿಂದೆ ಕೆಸರಿನಲ್ಲಿ ನಡೆದು, ಜಾರಿದ ಕಡೆ ಹೆಗಲು ಕೊಟ್ಟು ತಳ್ಳಿದ್ದ. ಅವನ ಗೂಡು ತುಂಬಿಕೊಂಡು ಕಾರು ಬಯಲಿನ ನಡುವೆ ಬಂದಾಗ ಮುಂದಿನ ಟೈರು ಉಸ್ಸೆಂದಿತು. ಇನ್ನೊಂದು ಮುಳ್ಳು. ಎರಡನೆಯ ಸ್ಟೆಪ್ನಿ ಅತ್ತ ಏರಿಯ ಮೇಲಿದೆ. ಚಕ್ರ ಜೇಡಿಗೆ ಇಳಿಯತೊಡಗಿತು.

ಕೊಂಡಪ್ಪ ತಿರುಗಿ ಓಡಿದ. ಚಕ್ರವನ್ನು ಕೆಸರಿನಲ್ಲಿ ಉರುಳಿಸಲು ಬರುವುದಿಲ್ಲ. ಆ ಕಬ್ಬಿಣವನ್ನೂ ರಬ್ಬರನ್ನೂ ತಲೆಯ ಮೇಲೆ ಹೊತ್ತು, ಮೊಣಕಾಲುದ್ದ ಜೇಡಿಯಲ್ಲಿ ಬಿದ್ದು ಎದ್ದು ಬಂದ. ಹತ್ತಿರ ಬಂದಾಗ ಯಾರು ಕೊಂಡಪ್ಪ, ಯಾವುದು ಚಕ್ರ ಎಂದು ಗುರುತು ಸಿಗುವಂತಿರಲಿಲ್ಲ. ಸಾಬರು ಕಲ್ಲು ಕೊಟ್ಟು ಕಾರು ಎತ್ತಿದರು, ಚಕ್ರ ಬಿಗಿದರು. ಕೊಂಡಪ್ಪ ನಟ್ಟುಗಳನ್ನು ಕೆಸರು ಮೆತ್ತದಂತೆ ತನ್ನ ಬಾಯಲ್ಲಿ ಇಟ್ಟುಕೊಂಡು ಒಂದೊಂದಾಗಿ ತೆಗೆದು ಕೊಟ್ಟ. ಆದ್ದರಿಂದ ಆಗ ಅವನಿಗೆ ಮಾತಾಡಲು ಆಗಲಿಲ್ಲ. ಕೊನೆಯ ನಟ್ಟು ಬಿಗಿದಾದ ಮೇಲೆ, "ಭಾವ," ಎಂದ.

"ತಳ್ಳು, ತಳ್ಳು," ಎಂದರು ಕೋನಪ್ಪನವರು.

ಬೂದಾಳಹಳ್ಳಿಯ ಗೂಡು ಒಂದೂ ತೂತಾಗಲಿಲ್ಲ.

ಅಕ್ಕಯಮ್ಮ ತವರಿನಲ್ಲಿ ಉಳಿದರು. ಕೋನಪ್ಪನವರೂ ಸಾಬರೂ ಇಬ್ಬರೇ ಊರಿಗೆ ಹೊರಟರು. ಬಹಳ ದೂರ ಬಂದ ಮೇಲೆ ಸಾಬರು ಕೆಮ್ಮಿದರು.

"ಕೋನಪ್ಪನೋರೇ, ಬೇಜಾರ್ ಮಾಡ್ಕೋಬೇಡಿ. ಒಂದು ಮಾತು ಕೇಳ್ಲಾ?"

"ಕೇಳಿ ಸಾಬ್ರೇ."

"ಈ ಚಳಿಗಾಲದ ಟೈರು ಅಂದ್ರೆ ಏನು?"

ಕೋನಪ್ಪನವರು ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು. "ನಿಮ್ಮನ್ನ ಕೇಳ್ಬೇಕೂಂತ ನಾನು ಅವತ್ತಿಂದ ಕಾಯ್ತಾ ಇದ್ದೀನಲ್ಲ ಸಾಬ್ರೇ."

ಇಬ್ಬರೂ ನಕ್ಕದ್ದಕ್ಕೆ ಪಕ್ಕದ ಹೊಲದಲ್ಲಿದ್ದ ಕುರಿಮಂದೆ ಚದುರಿತೆಂದು ಹೇಳುತ್ತಾರೆ. ನಾನು ನೋಡಿಲ್ಲ.

ಆ ವಾರದಲ್ಲಿ ಸಾಬರ ಅಂಗಡಿಯ ಮುಂದೆ ಜಾತ್ರೆ. ಟೈರು ಗಾಡಿಯವರು ಚಳಿಗಾಲದ್ದು ಕೇಳಿದರು. ಜಟಕಾದ ಮುಖ್ತಾರ್ ಕುದುರೆಗೂ ಏನಾದರೂ ಬರುತ್ತದೆಯೇ ಎಂದು ವಿಚಾರಿಸಿದ. ಸಾಬರು ವ್ಯಾಪಾರ ಶುರುವಾದಂದಿನಿಂದ ಮೊದಲ ಸಲ 'ಇಲ್ಲ' ಎಂದರು. ಇಲ್ಲವೆಂದ ಮೇಲಂತೂ ಅದರ ಬೆಲೆ ಜನರ ಮನಸ್ಸಿನಲ್ಲಿ ಇನ್ನಷ್ಟು ಏರಿತು.

ಬೂದಾಳಹಳ್ಳಿಯವರು ಕೋನಪ್ಪನವರಿಗೊಂದು ಸನ್ಮಾನ ಇಟ್ಟುಕೊಂಡರು. ಕೆರೆ ಏರಿಯ ಮೇಲೆ ಚಪ್ಪರ, ರೇಷ್ಮೆ ಗೂಡಿನ ಹಾರ. ಅಮಲ್ದಾರರು ತಮ್ಮ ಜೊತೆ ರೇಷ್ಮೆ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರನ್ನು ಕರೆತಂದಿದ್ದರು. ಜಪಾನಿಗೆ ಹೋಗಿ ಬಂದವರು, ಸಜ್ಜನರು. ಅವರು ಕಾರನ್ನು ನೋಡಿ, ಭಾಷಣದ ನಡುವೆ ನಗುನಗುತ್ತಲೇ ಹೇಳಿಬಿಟ್ಟರು.

"ಇವು ಜೀಪಿನ ಟೈರುಗಳು. ಚಳಿಗಾಲದ ಟೈರು ಅಂತ ಬೇರೆ ಇವೆ, ನಾನು ಜಪಾನಿನಲ್ಲಿ ನೋಡಿದ್ದೇನೆ. ಅಲ್ಲಿ ಆಕಾಶದಿಂದ ಹಿಮ ಬಿದ್ದು ರಸ್ತೆ ಮೇಲೆ ಮೊಣಕಾಲುದ್ದ ನಿಲ್ಲುತ್ತೆ. ಅದರ ಮೇಲೆ ಜಾರದೆ ಓಡೋದಕ್ಕೆ ಅವು. ನಮ್ಮ ದೇಶದಲ್ಲಿ ಕಾಶ್ಮೀರದ ಕಡೆ ಬೇಕಾಗಬಹುದು. ನಮ್ಮ ಸೀಮೆಗೆ ಅದರ ಅಗತ್ಯವಿಲ್ಲ."

ಸಾಬರು ನೆಲ ನೋಡಿದರು. ಕೋನಪ್ಪನವರು ಎದ್ದು ನಿಂತರು. ಅವರ ಕಿವಿಗಳು ಕೆಂಪಾಗಿದ್ದವು. ಗೂಡಿನ ಹಾರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವರು ಹೇಳಿದಂಥ ಮಾತು ಅವರ ಜೀವಮಾನದಲ್ಲೇ ಮೊದಲನೆಯದು.

"ಸಾಹೇಬರು ಹೇಳೋದು ನಿಜ. ನನಗೆ ಏನೂ ಗೊತ್ತಿರಲಿಲ್ಲ. ಚಳಿಗಾಲದ ಟೈರು ಅಂದ್ರೆ ಬೆಚ್ಚಗಿರೋದು ಅಂದ್ಕೊಂಡು, ಕೆನ್ನೆ ಇಟ್ಟು ನೋಡಿ ತಂದೆ. ಕೆಸರಲ್ಲಿ ನಡೀತದೆ ಅಂತ ನನಗೆ ಮುಂಚೆ ತಿಳಿದಿರಲಿಲ್ಲ. ಅವತ್ತು ಸುಮ್ನೆ ಧೈರ್ಯದ ಮೇಲೆ ಬಂದೆ."

ಕೂತರು. ಆಮೇಲೆ ಕೊಂಡಪ್ಪ ಹಿಂದಿನ ಸಾಲಿನಿಂದ ಎದ್ದ.

"ನೋಡಿದ್ರಾ, ಇದು ದೊಡ್ಡತನ ಅಂದ್ರೆ," ಎಂದ. "ಸಾಹೇಬರು ದೂರದಿಂದ ಬಂದಿದ್ದಾರೆ, ಅವರ ಮಾತು ಕೆಳಗೆ ಬೀಳಬಾರದು ಅಂತ ನಮ್ಮ ಭಾವ ತಮ್ಮನ್ನೇ ದಡ್ಡ ಮಾಡ್ಕೊಂಡ್ರು."

"ಹೌದಪ್ಪಾ," ಎಂದ ನರಸಿಂಹಪ್ಪ. "ಆಕಾಶದಿಂದ ಬಿದ್ದದ್ದು ಮೊಣಕಾಲುದ್ದ ನಿಲ್ತದೆ ಅಂದ್ರೂ ಹೂಂ ಅಂದ್ರಲ್ಲ. ಎಷ್ಟು ಸೈರಣೆ ನೋಡು."

ಚಿಕ್ಕವೆಂಕಟಮ್ಮ ಕಣ್ಣೊರೆಸಿಕೊಂಡಳು. ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ, ಜಪಾನಿಗೆ ಹೋಗಿ ಬಂದ ಅಧಿಕಾರಿಗಳು ಅತ್ತಿತ್ತ ನೋಡಿ ಕೊನೆಗೆ ತಾವೂ ತಟ್ಟಿದರು.

ಹಿಂದಿರುಗುವಾಗ ಕಾರಿನಲ್ಲಿ ಗಂಡಹೆಂಡತಿ ಇಬ್ಬರೇ. ಕೋನಪ್ಪನವರು ಬಹಳ ಪೆಚ್ಚಾಗಿದ್ದರು.

"ಬಾಯಿಬಿಟ್ಟು ನಿಜ ಹೇಳಿದ್ದು ಇವತ್ತು ಒಂದೇ ದಿನ ಕಣೇ. ಒಬ್ಬರಾದ್ರೂ ನಂಬಿದ್ರಾ?"

ಅಕ್ಕಯಮ್ಮ ಹಾರದಿಂದ ಉದುರಿದ ಗೂಡೊಂದನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. "ಟೈರು ಎಂಥದು ಅಂತ ಯಾರಿಗೆ ಬೇಕಿತ್ತು? ಅವತ್ತು ಆ ಕೆಸರಿಗೆ ಯಾರೂ ಇಳೀಲಿಲ್ಲ, ನೀವು ಇಳಿದ್ರಿ. ಅವರು ನೋಡಿದ್ದು ಅಷ್ಟೇ."

ಕೋನಪ್ಪನವರು ಹೆಂಡತಿಯ ಮುಖ ನೋಡಿದರು. ನೋಡುತ್ತಲೇ ಇದ್ದರು.

"ಮುಂದೆ ನೋಡ್ಕೊಂಡು ಓಡ್ಸಿ," ಎಂದರು ಅಕ್ಕಯಮ್ಮ. "ಎಮ್ಮೆ ಬಂತು."